ಕೆನಿ

ಲ್ಯಾಬಿಗೆ ಬರೂಕಿಂತ ಮೊದಲ ನಾನು
ಹಾಲಿನ ಡೇರಿಯೊಳಗ ಫ್ಯಾಟು ನೋಡುವವ.
ಆಸಿಡ್ ಹಾಕಿ, ನಳಿಗಿ ತಿರುವಿ,
ಎಮ್ಮಿದು ಆರೂವರಿ, ಆಕಳದು ಮೂರು ಎಂಟು,
ನೀರು ಬೆರೆಸಿದವರ ಮುಖ ನೋಡದ
ಬರಕೊಂತ ಹೋಗುವವ.

ಈಗ ಬಾಗಲಕೋಟಿ ನವನಗರದ ಆಸ್ಪತ್ರಿ,
ತಳಮಹಡಿ, ರಾತ್ರಿ ಪಾಳಿ.
ಗಿರಗಿರ ತಿರುಗೂ ಮಷೀನು ಇಲ್ಲೂ ಐತಿ.
ಒಳಗಿಂದು ಬ್ಯಾರೆ.

ಮೂರರ ಸುಮಾರಿಗೆ ಬಂತು ಒಂದು ನಳಿಗಿ:
ರೇಣವ್ವ ತಳವಾರ, ಇಪ್ಪತ್ತನಾಲ್ಕು,
ಬೀಳಗಿ ತಾಲೂಕು, ಏಳು ತಿಂಗಳು.
ಚೀಟಿ ಮ್ಯಾಲೆ ಅವಸರದ ಅಕ್ಷರ:
ಎದಿಗುಂಡಿ ಕೆಳಗ ನೋವು, ಬೆನ್ನಿಗೆ ಹಾಯ್ದೈತಿ,
ವಾಂತಿ ನಿಂತಿಲ್ಲ.

ಎರಡು ದಿನ ಊರಾಗ ಗ್ಯಾಸು ಅಂದರಂತ.
ಓಂಕಾಳು ಅಗಿಸಿದರು, ಸೋಡಾ ಕುಡಿಸಿದರು.
ಮೂರನೇ ದಿನ, ಹೆರಿಗಿ ಬ್ಯಾನಿ.
ಬ್ಯಾನಿ ಬಂದು ಹೋಗತೈತಿ;
ಇದು ಬಂದದ್ದು ಹೋಗವಲ್ದು.
ಮುಂದಕ್ಕ ಬಾಗಿ, ಬಸಿರಿನ ಮ್ಯಾಲೆ ತನ್ನ ತಾನ ಮಡಚಿಕೊಂಡು
ಕುಂತರಷ್ಟ ಉಸಿರು.
ನಳಿಗಿ ತಂದ ಹುಡುಗ ಹೇಳಿದ್ದು ಇಷ್ಟು.

ತಿರುವಿದೆ. ತಗದೆ.
ಬೆಳಕಿಗೆ ಹಿಡಿದೆ.

ಕೆಳಗ ಕೆಂಪು. ಅದರ ಮ್ಯಾಲೆ
ಜೇನಿನ ಬಣ್ಣದ ನೀರು ಇರಬೇಕಾದಲ್ಲಿ
ಹಾಲು.
ಹಾಲಂದ್ರ ಹಾಲ. ಆರಿದ ಎಮ್ಮಿ ಹಾಲು,
ನೆತ್ತಿ ಮ್ಯಾಲೆ ಬೆರಳಗಲ ಕೆನಿ.

ಡೇರಿಯ ರೂಢಿ ಬಿಡದ ಕೈ
ಫ್ಯಾಟು ಎಷ್ಟಂತ ಅಂದಾಜು ಕಟ್ಟಿತು.
ಕಟ್ಟಿ, ನಾಚಿತು.

ಅಮೈಲೇಸ್ ಹಚ್ಚಿದೆ. ಎಲ್ಲಾ ಸರಿ ಐತಿ ಅಂತು ಮಷೀನು.
ನಂಬಲಿಲ್ಲ. ಕೊಬ್ಬಿನ ಮಂಜಿನೊಳಗ ಅದರ ಕಣ್ಣೂ ಮಬ್ಬು.
ತೆಳು ಮಾಡಿ, ಇನ್ನೂ ತೆಳು ಮಾಡಿ, ಮತ್ತ ಹಚ್ಚಿದೆ.
ಲೈಪೇಸ್ ಹೌಹಾರುವಷ್ಟು.
ಟ್ರೈಗ್ಲಿಸರೈಡ್ ನಾಲ್ಕು ಸಾವಿರದ ಹತ್ತತ್ತರ.
ಫೋನ್ ಹಚ್ಚಿದೆ. ಡಾಕ್ಟರ್ ಹಂಚಿನಾಳ ಮೇಡಂ
ಒಂದು ಗಳಿಗಿ ಸುಮ್ಮನಿದ್ದು,
ಮೇದೋಜೀರಕ, ಅಂದರು, ತಮಗ ತಾವ ಹೇಳಿಕೊಂಡಂಗ,
ಜಠರದ ಹಿಂದ ಅಡಗಿ ಕುಂತದ್ದು,
ತನ್ನ ರಸದಾಗ ತಾನ ಬೇಯಾಕತ್ತೈತಿ.

ಸಿಟಿ ಸ್ಕ್ಯಾನ್ ಸದ್ಯಕ್ಕ ಬ್ಯಾಡ, ಒಳಗ ಕೂಸೈತಿ.
ಸೋನೋಗ್ರಾಫಿ ನೋಡಿದರು: ಪಿತ್ತಕೋಶದಾಗ ಕಲ್ಲಿಲ್ಲ.
ಬಾಯಿಗೆ ಗುಟುಕೂ ಇಲ್ಲ. ಸಲೈನ್ ಮ್ಯಾಲೆ ಸಲೈನ್.
ಇನ್ಸುಲಿನ್ ಹನಿ, ಅದರ ಬೆನ್ನಿಗೆ ಸಕ್ಕರಿ ನೀರು,
ತಾಸಿಗೊಮ್ಮೆ ಬೆರಳ ತುದಿ ಚುಚ್ಚೂದು,
ಕೂಸಿನ ಎದಿಬಡಿತ ಕೇಳೂದು.
ಇಳೀಲಿಲ್ಲಂದ್ರ ಬೆಳಗಾವಿಗೆ, ರಕ್ತ ಸೋಸೂ ಮಷೀನಿಗೆ.
ಗಾಡಿಯ ಡ್ರೈವರಗೆ ನಿದ್ದಿ ಮಾಡಬ್ಯಾಡ ಅಂದಿದ್ದರು;
ಅವ ಬಾನೆಟ್ ಮ್ಯಾಲೆ ಕುಂತು ಚುರುಮುರಿ ತಿನ್ನಾಕತ್ತಿದ್ದ.

ಬೆಳಗಿನ ಚಾಕ್ಕ ಮ್ಯಾಲೆ ಹೋದಾಗ
ಅತ್ತಿ ಸತ್ಯವ್ವ ನನ್ನ ತೋಳು ಹಿಡಿದಳು.
ಕುಬಸದ ದಿನ ಹೋಳಿಗಿ ಮ್ಯಾಲೆ
ತುಪ್ಪ ಸುರುವಿದಾಕಿ ನಾನ, ತಮ್ಮಾ.
ಸಾಕು ಅಂದಳು, ನಾ ಕೇಳಲಿಲ್ಲ.

ಮೇಡಂ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು:
ರಕ್ತದ ಈ ಗುಣ ಹುಟ್ಟಿನಿಂದ ಬಂದಿರತೈತಿ,
ಬಸಿರು ಅದನ್ನ ಉಕ್ಕಿಸತೈತಿ, ಒಂದು ಊಟದ್ದಲ್ಲ.
ಹೇಳಿದೆ. ಹೂಂ ಅಂದಳು.
ತುಪ್ಪ ಸುರುವಿದ ಬಲಗೈ
ಸೆರಗಿನಾಗ ಸುತ್ತಿಕೊಂಡ ಇದ್ದಳು.

ಆರು ತಾಸಿಗೊಂದು ನಳಿಗಿ.
ಹಾಲು.
ಮಜ್ಜಿಗಿ.
ನೀರು ಮಜ್ಜಿಗಿ.
ನಾಲ್ಕನೇ ದಿನ ಅಕ್ಕಿ ತೊಳೆದ ನೀರು.
ಐದನೇ ದಿನ, ನಳಿಗಿಯ ಹಿಂದ ಹಿಡಿದ ಚೀಟಿ
ಆಚಿಂದ ಓದಾಕ ಬಂತು:
ರೇಣವ್ವ ತಳವಾರ.

ಬೆಳಗಾವಿ ಗಾಡಿ ಹೋಗಲಿಲ್ಲ.
ಆಕಿ ಕೆನಿ ತಗದ ಮಜ್ಜಿಗಿ, ಎಣ್ಣಿ ಇಲ್ಲದ ಪಲ್ಯ,
ಬಿಸಿ ರೊಟ್ಟಿಯ ಅರ್ಧ ಉಂಡಳಂತ.
ನಾ ಆಕಿ ಮುಖ ನೋಡಿದವನಲ್ಲ.

ಮುಂದ ಎರಡು ತಿಂಗಳು, ವಾರಕ್ಕೊಂದು ನಳಿಗಿ,
ಕೆಲವೊಮ್ಮೆ ತುಸು ಮಸುಕು,
ನನ್ನ ಎದಿಯೊಳಗ ಅಷ್ಟ ಮಸುಕು.

ಆಮ್ಯಾಲೆ ಒಂದು ನಸುಕಿನಾಗ
ಕಿರುಬೆರಳಿಗಿಂತ ಸಣ್ಣ ನಳಿಗಿ,
ಹೆಸರಿನ್ನೂ ಇಟ್ಟಿಲ್ಲ: ರೇಣವ್ವನ ಕೂಸು, ಹೆಣ್ಣು.
ತಳದಾಗ ಒಂದ ಹನಿ, ಅದೂ ಅರ್ಧ.
ಎಷ್ಟು ತಿರುವಿದರೂ ಹುಟ್ಟದು.

ರಕ್ತ ಸಾಲದು, ಮತ್ತ ಕಳಸ್ರಿ
ಅಂತ ಬರೆದು ಕೊಟ್ಟೆ.
ಮ್ಯಾಲೆ ಎಲ್ಲೋ
ಇನ್ನೊಂದು ಹಿಮ್ಮಡ ಚುಚ್ಚಿರಬೇಕು.
ತಳಮಹಡಿ ತನಕ ಕೇಳಿಸಿತು
ಬೈಗುಳ.