ಬಹುದು

ಜನವರಿ, ರಾತ್ರಿ ಒಂಬತ್ತೂವರೆ. ಮಾಜಾಳಿಯಿಂದ ಫೋನು:
"ನೀರಿಗೆ ಬೆಂಕಿ ಬಿದ್ದಿದೆ, ನಿಮ್ಮ ಮೇಡಂಗೆ ಹೇಳು."
ನಾನು ಕೋಡಿಬಾಗದ ಪ್ರಯೋಗಶಾಲೆಯಲ್ಲಿ ಬಾಟಲಿ ತೊಳೆಯುವವ,
ಹದಿನಾರು ವರ್ಷದಿಂದ ಸಮುದ್ರವನ್ನು
ಲೀಟರಿನ ಲೆಕ್ಕದಲ್ಲಿ ಹೊತ್ತವ.

ಹೋದೆವು. ಅಲೆ ಮುರಿದಲ್ಲೆಲ್ಲ ನೀಲಿ.
ಕಾಲಿಟ್ಟರೆ ಹೆಜ್ಜೆ ಹೊತ್ತಿಕೊಳ್ಳುತ್ತದೆ, ತೆಗೆದರೆ ಆರುತ್ತದೆ.
ಒಂದು ನಾಯಿ ತನ್ನದೇ ಗುರುತಿಗೆ ಬೊಗಳುತ್ತಿತ್ತು.
ಹುಡುಗರು ಬಿಸ್ಲೆರಿ ಬಾಟಲಿಗೆ ಬೆಳಕು ತುಂಬಿ
ಇಪ್ಪತ್ತು ರೂಪಾಯಿಗೆ ಮಾರುತ್ತಿದ್ದರು;
ಕೊಂಡವರು ಮನೆ ಮುಟ್ಟುವಷ್ಟರಲ್ಲಿ
ಬರೀ ಉಪ್ಪುನೀರು.
ಮೇಡಂ ನೆರಿಗೆ ಎತ್ತಿ ಸಿಕ್ಕಿಸಿ, ಮೊಣಕಾಲುದ್ದ ಇಳಿದು
ಬಕೆಟ್ಟು ಮುಳುಗಿಸಿದರು.

ಸೂಕ್ಷ್ಮದರ್ಶಕದಲ್ಲಿ ಅದು
ಪಾಯಸದಲ್ಲಿ ಬೆಂದ ಸಾಬಕ್ಕಿ ಕಾಳು,
ಅದಕ್ಕೊಂದು ಬಾಲ. ಅಷ್ಟೇ.
"ನಾಕ್ಟಿಲೂಕ. ಇರುಳದೀಪ ಅಂತ ಅರ್ಥ," ಅಂದರು.

ನನ್ನ ಆಯಿಗೆ ಅದಕ್ಕೆ ಹೆಸರಿಲ್ಲ.
ನೀರು ಎದ್ದಿದೆ, ಅನ್ನುತ್ತಾಳೆ.
ನೀರು ಎದ್ದ ರಾತ್ರಿ ಬಲೆ ಬಿಡಬಾರದು,
ಬಲೆಯ ಕಣ್ಣುಕಣ್ಣೂ ಹೊತ್ತಿಕೊಂಡು
ಮೀನಿಗೆ ಎಲ್ಲ ಕಾಣುತ್ತದೆ.
ಮೇಡಂ ಅದನ್ನೂ ನೋಟುಬುಕ್ಕಿಗೆ ಇಳಿಸಿದರು:
ಶೆವಂತಿ ತಾಂಡೇಲ, ಅರವತ್ತೊಂದು, ಬೈತಖೋಲ.

ಬೆಳಿಗ್ಗೆ ಛತ್ರಿ ಹೊತ್ತ ವ್ಯಾನು.
ಮೈಕು ಹಿಡಿದ ಹುಡುಗ ಒಳ್ಳೆಯವನೇ,
ಅರಬೈಲ ಘಟ್ಟದಲ್ಲಿ ಎರಡು ಸಲ ವಾಂತಿ ಮಾಡಿಕೊಂಡು ಬಂದವನು.
"ಹನ್ನೆರಡು ಸೆಕೆಂಡು ಇದೆ ಮೇಡಂ. ವಿಷವಾ, ಅಲ್ಲವಾ?"
ಮೇಡಂ ಹೇಳಿದರು:
ತಳದ ನೀರು ಮೇಲೆ ಬಂದಿರಬಹುದು,
ಹೊಳೆಯಿಂದ ಗೊಬ್ಬರ ಸೇರಿರಬಹುದು,
ಆಮ್ಲಜನಕ ಇಳಿದರೆ ಮೀನಿಗೆ ತೊಂದರೆ ಆಗಬಹುದು,
ಆಗದೆಯೂ ಇರಬಹುದು,
ಐದು ದಿನದ ನೀರು ನೋಡದೆ...
ಹುಡುಗ ಗಡಿಯಾರ ನೋಡಿದ.

ಸಂಜೆ ಟೀವಿಯಲ್ಲಿ ಢಮಢಮ ಸದ್ದು, ಕೆಂಪು ಅಕ್ಷರ:
ಮೀನಿಗೆ ವಿಷ? ವಿಜ್ಞಾನಿಯೇ ಹೇಳಿದ ಸತ್ಯ!
ಮೇಡಂ ಮುಖ ಬಂತು, ತುಟಿ ಅಲುಗಿತು, ಹೋಯಿತು.
ಅವರು ಕತ್ತರಿಸುವ ಮೇಜಿನ ಕೆಳಗೆ
ಎಷ್ಟು ಬಹುದುಗಳು ಬಿದ್ದಿರುತ್ತವೋ,
ಮೀನು ಕೊಯ್ದಲ್ಲಿ ಹುರುಪೆ ಬಿದ್ದ ಹಾಗೆ.
ರಾತ್ರಿ ದುಬೈಯಿಂದ ಭಾವ ವಾಟ್ಸಾಪ್ ಮಾಡಿದ:
ಕೈಗಾದ ನೀರಂತೆ, ಹೌದಾ?
ಜೊತೆಗೊಂದು ಚಿತ್ರ. ಯಾವುದೋ ದೇಶದ ತೀರ.
ನಮ್ಮ ತೆಂಗು ಹಾಗೆ ವಾಲುವುದಿಲ್ಲ.

ಮೂರನೇ ದಿನ ಮೀನುಪೇಟೆ.
ಇಪ್ಪತ್ತು ವರ್ಷದ ಗಿರಾಕಿ, ಬ್ಯಾಂಕಿನವರ ಹೆಂಡತಿ,
ಬಂಗಡೆಯ ಕಿವಿರು ಎತ್ತಿದರು: ಕೆಂಪು.
ಕಣ್ಣು ನೋಡಿದರು: ತಿಳಿ.
ಹೊಟ್ಟೆ ಒತ್ತಿದರು: ಗಟ್ಟಿ.
ಯಾವ ಕಾಲೇಜೂ ಕಲಿಸದ ಮೂರು ಪರೀಕ್ಷೆಯಲ್ಲೂ ಪಾಸು.
"ಆದರೂ ನಿನ್ನೆ ಟೀವಿಯಲ್ಲಿ..." ಅಂದು
ಕೋಳಿ ಅಂಗಡಿಯ ಕಡೆ ನಡೆದರು.

ಕತ್ತಲಾಗುವ ಮೊದಲು ಮೇಡಂ ಬಂದು ಬುಟ್ಟಿಯ ಎದುರು ಕೂತರು.
"ನೀವೇ ಹೇಳಿದ್ದಂತಲ್ಲ?" ಕೇಳಿದಳು ಆಯಿ.
"ನಾನು ಬಹುದು ಅಂದಿದ್ದೆ."
ಆಯಿ ನಕ್ಕಳು, ಎಲೆಯಡಿಕೆಯ ಕೆಂಪು ನಗೆ:
"ಅಯ್ಯೋ, ಬಹುದು ಅನ್ನದೆ ನಮ್ಮಲ್ಲಿ
ಯಾರು ದೋಣಿ ನೂಕುತ್ತಾರೆ?
ಗಾಳಿ ತಿರುಗಬಹುದು. ಮೀನು ಸಿಗಬಹುದು.
ಹೋದವರು ಬರಬಹುದು."
ಕೊನೆಯದನ್ನು ಹೇಳಿ
ಒಣಗಿದ್ದ ಚೂರಿಯನ್ನೇ ಮತ್ತೆ ಒರೆಸಿದಳು.
ಅಪ್ಪನ ವಿಷಯ ಮೇಡಂಗೆ ಗೊತ್ತಿಲ್ಲ.

ಎರಡು ಡಜನ್ ಕೊಂಡರು. ಆಯಿ ಒಂದು ರೂಪಾಯಿಯೂ ಬಿಡಲಿಲ್ಲ.

ಐದು ದಿನದ ನೀರು ನೋಡಿ ಆಯಿತು.
ವರದಿ ನಾಲ್ಕು ಪುಟ, ನಾನೇ ಪಿನ್ನು ಹೊಡೆದೆ.
ಚಾನೆಲ್ಲಿಗೆ ಕಳಿಸಿದೆವು; ಅಲ್ಲಿ ಆಗಲೇ
ಯಾವುದೋ ಊರಲ್ಲಿ ಚಿರತೆ ಬಾವಿಗೆ ಬಿದ್ದಿತ್ತು.
ಕಡಲು ಎಂದಿನ ಕಪ್ಪಿಗೆ ಮರಳಿತ್ತು.

ಆ ರಾತ್ರಿ ಮನೆಯಲ್ಲಿ ತೆಪ್ಪಲ ಹಾಕಿದ ಹುಮ್ಮಣ.
ಮಗಳು, ಐದನೇ ಕ್ಲಾಸು,
ತಟ್ಟೆಯ ಮೇಲೆ ಕೈ ಹಿಡಿದು ನಿಂತಳು.
"ತಿನ್ನಬಹುದಾ?"
ಎಲ್ಲರೂ ನನ್ನ ಕಡೆ ನೋಡಿದರು,
ನಾನು ಪ್ರಯೋಗಶಾಲೆಯವನಲ್ಲವೆ.
ನಾನು ವರದಿಯ ಮೂರನೇ ಪುಟ ನೆನೆಯುತ್ತಿರುವಾಗಲೇ
ಆಯಿ ಮುಳ್ಳು ಬಿಡಿಸಿ
ಮೊದಲ ತುತ್ತು ತಾನು ತಿಂದು
"ತಿನ್ನಬಹುದು," ಅಂದಳು.