ಅರ್ಧ ಅಟ್ಟೆ

ಇಪ್ಪತ್ತೇಳನೇ ಮಹಡಿ. ಲಿಫ್ಟಿನಲ್ಲಿ
ನಾನು ನೋಡಿದ್ದು ಕಾಲುಗಳನ್ನೇ.
ಮುಖ ಸುಳ್ಳು ಹೇಳೀತು, ಹಿಮ್ಮಡಿ ಹೇಳಲ್ಲ:
ಹೊರಗಂಚು ಸವೆದವನು ಅವಸರದವನು,
ಮುಂಗಾಲು ತೂತಾದವನು ಬಾಗಿಲು ಬಾಗಿಲು ತಟ್ಟಿದವನು.
ಇಲ್ಲಿ ಯಾರ ಬೂಟೂ ಸವೆದಿಲ್ಲ.
ನೆಲಕ್ಕೆಲ್ಲ ಜಮಖಾನ.

ನಾನು ವರ್ಲೀನ್ ಟಬ್ಸ್. ಮೆಂಫಿಸ್, ಲಮಾರ್ ರಸ್ತೆ,
ಬಟ್ಟೆ ಒಗೆಯುವ ಮಷೀನಿನಂಗಡಿಗೂ ಮೀನು ಕರಿಯುವವನಿಗೂ ನಡುವೆ
ಹನ್ನೊಂದಡಿ ಅಗಲದ ಬೂಟು ರಿಪೇರಿ.
ಅಪ್ಪ ಅಲೊಂಜೊ ಕೈಕುಲುಕಿ ಹಿಡಿದ ಜಾಗ;
ಕಾಗದ ಇರಲಿಲ್ಲ, ಮಾತಿತ್ತು.
ಮಾತು ಕೊಟ್ಟವನು ಸತ್ತ. ಮೊಮ್ಮಗ ಮಾರಿದ.
ಕೊಂಡ ಕಂಪನಿ ನಲವತ್ತೊಂದು ಪುಟ ಕಳಿಸಿತು:
ಓದಿ ಸಹಿ ಹಾಕಿ, ಶುಕ್ರವಾರದೊಳಗೆ.

ಓದಿದೆ. ಮೂರು ರಾತ್ರಿ.
ಚರ್ಮವಾದರೆ ಬೆರಳಿಟ್ಟರೆ ಸಾಕು,
ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಗೊತ್ತಾಗುತ್ತದೆ.
ಇದರಲ್ಲಿ ಎಲ್ಲ ಕಡೆ ಒಂದೇ ನುಣುಪು.

ಚರ್ಚಿನ ಹಲಗೆಯ ಮೇಲೆ ಚೀಟಿ ಇತ್ತು:
ಕಪ್ಪು ಜನರ ಸಣ್ಣ ಅಂಗಡಿಗಳಿಗೆ
ದೊಡ್ಡ ಕಚೇರಿಯ ವಕೀಲರು, ಫೀಸಿಲ್ಲ.
ಪುಕ್ಕಟೆ ಅಂದರೆ ನಾನು ಮೊದಲು
ಹಿಂದಿನ ಬಾಗಿಲು ಎಲ್ಲಿದೆ ಅಂತ ನೋಡುವವಳು.

ಹೋಲ್‌ಕಂಬ್ ಅಂತ ಹುಡುಗ. ಕೆಂಪು ಕಿವಿ.
ತಿರುವಿದ, ತಿರುವಿದ, ಹದಿನಾಲ್ಕನೇ ಕಲಮಿಗೆ ಬಂದು
ತಟ್ಟನೆ ನಿಂತ. ಕಿವಿ ಇನ್ನೂ ಕೆಂಪಾಯ್ತು.
"ಮೂವತ್ತು ದಿನದ ನೋಟಿಸು ಕೊಟ್ಟು ನಿಮ್ಮನ್ನ
ಎಲ್ಲಿಗೆ ಬೇಕಾದರೂ ಎತ್ತಿಡಬಹುದು, ಖರ್ಚು ನಿಮ್ಮದೇ."
ಅಷ್ಟು ಬೇಗ ಹೇಗಪ್ಪ ಸಿಕ್ಕಿತು ಅಂದೆ.
ಕಿಟಕಿಯಾಚೆ ಮಿಸಿಸಿಪ್ಪಿ ನದಿ ನೋಡಿದ.
"ಈ ಸಾಲು ನಮ್ಮ ಕಚೇರಿಯದು ಮೇಡಂ.
ಬೇರೆ ಮಾಲೀಕರಿಗೆ ನಾನೇ ಬರೆದುಕೊಟ್ಟಿದ್ದೀನಿ.
ಎಷ್ಟೋ ಸಲ."

ಸುಮ್ಮನೆ ಕೂತೆವು ಇಬ್ಬರೂ.
ಎದ್ದು ಹೋಗಬಹುದಿತ್ತು ನಾನು.
ಆದರೆ ಹೊಲಿಗೆ ಹಾಕಿದವನಿಗೇ ಗೊತ್ತು
ಯಾವ ದಾರ ಎಳೆದರೆ ಬಿಚ್ಚುತ್ತದೆಂದು.
ಎಳೆ, ಅಂದೆ.

ಒಂಬತ್ತು ವಾರ ಎಳೆದ. ಹದಿನಾಲ್ಕು ಹೋಯ್ತು.
ಇಪ್ಪತ್ತೆರಡು ಹೋಗಲಿಲ್ಲ, ವರ್ಷ ವರ್ಷ ಬಾಡಿಗೆ ಏರುತ್ತದೆ.
ಮೀನಿನವನು ಆ ಚೀಟಿ ನೋಡಿರಲಿಲ್ಲ.
ಅವನಂಗಡಿಯಲ್ಲೀಗ ಬೀಗದ ಹಿಂದೆ
ಎಣ್ಣೆ ವಾಸನೆ ಮಾತ್ರ.

ಮೊನ್ನೆ ಬಂದ ಹೋಲ್‌ಕಂಬ್, ಕೈಯಲ್ಲಿ ಬೂಟು.
ಬಲಗಾಲಿನ ಮುಂದೆ ತೂತು.
ಜಮಖಾನದ ಮೇಲೆ ಆದದ್ದಲ್ಲ ಅದು.
ಅರ್ಧ ಅಟ್ಟೆ ಹಾಕಿದೆ, ಸುತ್ತ ಎರಡು ಸಾಲು ಹೊಲಿಗೆ.
ಎಷ್ಟು, ಅಂದ.
ಮೂವತ್ತೆರಡು ಡಾಲರ್.
ನಕ್ಕ. ನಾನು ನಗಲಿಲ್ಲ.
ಎಣಿಸಿ ಗಲ್ಲಾಕ್ಕೆ ಹಾಕಿ, ಚಿಲ್ಲರೆ ಕೊಟ್ಟು, ರಸೀತಿ ಬರೆದೆ.
ನಲವತ್ತು ವರ್ಷದಿಂದ ನನ್ನ ಒಕ್ಕಣೆ ಅಷ್ಟೇ:
ಹೆಸರು, ಕೆಲಸ, ದುಡ್ಡು.
ಅಡಿಯಲ್ಲಿ ಸಣ್ಣಕ್ಷರ ಇಲ್ಲ.