ನಾಲ್ಕನೆಯ ಸೈಲೆನ್ಸರ್

ಇನ್ವರ್‌ಕಾರ್ಗಿಲ್ ಊರಿನ ತೆಂಕಣ ತುದಿಗೆ ನನ್ನ ಶೆಡ್ಡು.
ಹಿಮಖಂಡದಿಂದ ಹೊರಟ ಗಾಳಿ
ಮೊದಲು ತಟ್ಟುವ ಬಾಗಿಲು ಇದೇ ಎಂದು
ಸಮೋವಾದಿಂದ ಬಂದಾಗಲೆಲ್ಲ ನನ್ನ ಅತ್ತೆ ಬೈಯುತ್ತಾಳೆ.

ನೋಲೀನ್ ಹ್ಯಾಗರ್ಟ್ ಬಂದಿದ್ದಾಳೆ, ಇದು ನಾಲ್ಕನೆಯ ಸಲ.
ಕುರಿ ತುಪ್ಪಟ ಕತ್ತರಿಸಿ ಗಟ್ಟಿಯಾದ ಮುಂಗೈ,
ಎಪ್ಪತ್ತು ದಾಟಿದ ಮೊಣಕಾಲು,
ಎಪ್ಪತ್ತನಾಲ್ಕರ ಡಾಟ್ಸನ್, ಸಾಸಿವೆ ಹಳದಿ.
"ತಾವಿತ, ಇದು ಮಾತಾಡ್ತಿಲ್ಲ. ಕೆಮ್ಮುತ್ತೆ, ಅಷ್ಟೆ."

ಮೊದಲನೆಯದನ್ನು ನಾನೇ ಕೊಯ್ದು ತೆಗೆದದ್ದು.
ಹೊಟ್ಟೆ ಸೀಳಿದರೆ ಕೊಳೆತ ಗಾಜಿನ ಹತ್ತಿ,
ತುಕ್ಕಿನ ಪುಡಿ, ಯಾವುದೋ ಚಳಿಗಾಲದ ಇಲಿಗೂಡು.
ಎರಡನೆಯದು ಬ್ಯಾಂಕಿನ ಗುಮಾಸ್ತನಷ್ಟು ಸಭ್ಯ.
ಮೂರನೆಯದಕ್ಕೆ ಎರಡೂವರೆ ಇಂಚಿನ ಕೊಳವೆ,
ಬೀದಿಯ ನಾಯಿಗಳೆಲ್ಲ ಎದ್ದು ಕೂತವು.
ಅವಳು ತಲೆಯಾಡಿಸಿದಳು: ಇದಲ್ಲ.

ಹಾಗಾದರೆ ಯಾವುದು?
ಬಾನೆಟ್ಟಿನ ಮೇಲೆ ಉಗುರಿನಲ್ಲಿ ತಟ್ಟಿ ತೋರಿಸುತ್ತಾಳೆ.
ಎಪ್ಪತ್ತಾರರ ಬೇಸಿಗೆ, ಬ್ಲಫ್‌ನಿಂದ ಕಿಂಗ್‌ಸ್ಟನ್‌ವರೆಗೆ ಒಬ್ಬಳೇ,
ಕಿಟಕಿ ಇಳಿಸಿ, ಕೆರೆದಂಡೆಯ ತಿರುವುಗಳಲ್ಲಿ
ಎಂಜಿನ್ನಿನ ಗುಡುಗಿನ ಅಡಿಯಲ್ಲೇ ಇನ್ನೊಂದು ಪುಟ್ಟ ಸದ್ದು,
ಅವಸರದಲ್ಲಿರುವ ಹೊಲಿಗೆ ಯಂತ್ರದಂತೆ.
"ಮುಂದೆ ಯಾರೋ ಚಪ್ಪಾಳೆ ತಟ್ಟಿ ಕರೀತಿದ್ದ ಹಾಗೆ."

ಹಳೆಯ ಕಾಗದ ಇದೆಯೇ ಎಂದೆ. ಬಿಸ್ಕತ್ತಿನ ಡಬ್ಬಿ ತಂದಳು.
ಟೈರು, ಬ್ಯಾಟರಿ, ವಿಮೆ, ಮತ್ತೆ ಟೈರು.
ಎಂಬತ್ಮೂರರದೊಂದು ರಸೀದಿ,
ಗೋರ್ ಊರಿನ, ಈಗ ಮುಚ್ಚಿರುವ ಗ್ಯಾರೇಜು,
ಅಡಿಯಲ್ಲಿ ಪೆನ್ಸಿಲ್ಲಿನ ಒಂದು ಸಾಲು:
ಆರನೇ ಸಿಲಿಂಡರ್ ಹತ್ತಿರ ಬೋಲ್ಟು ಮುರಿದು ಸೋರುತ್ತಿತ್ತು.
ಸರಿ ಮಾಡಿದೆ. ಹದಿನೆಂಟು ಡಾಲರ್.

ಬಾಲಕ್ಕೆ ನಾಲ್ಕು ಸಲ ಬೇರೆ ಬೇರೆ ಬಾಯಿ ಕಟ್ಟಿದೆ.
ಅವಳಿಗೆ ಬೇಕಿದ್ದ ಒಡಕು
ಗಂಟಲ ಬುಡದಲ್ಲಿತ್ತು.

ವಿವರಿಸುವ ಧೈರ್ಯವಾಗಲಿಲ್ಲ.
ಹದಿನಾಲ್ಕರ ಸ್ಪ್ಯಾನರ್ ಹಿಡಿದು
ಕಡೆಯ ನಟ್ಟನ್ನು ಮುಕ್ಕಾಲು ಸುತ್ತು ಸಡಿಲಿಸಿ
ಕೀಲಿ ತಿರುಗಿಸು ಎಂದೆ.

ಟಕಟಕಟಕಟಕ

ಎರಡೂ ಕೈ ಸ್ಟಿಯರಿಂಗಿನ ಮೇಲೆ. ಗಾಡಿ ನಿಂತಲ್ಲೇ ಇತ್ತು.
ಅವಳು ಎಲ್ಲಿದ್ದಳೋ.
ಆಮೇಲೆ, "ಒಂದು ಬೋಲ್ಟಾ?"
ಸ್ವಲ್ಪ ಹೊತ್ತು ಬಿಟ್ಟು, "ದುಡ್ಡು ಕೊಟ್ಟು ರಿಪೇರಿ ಮಾಡಿಸಿದೆನಾ?"
ನಗುತ್ತಿದ್ದಳೋ ಬೈಯುತ್ತಿದ್ದಳೋ, ಆ ಸದ್ದಿನಲ್ಲಿ ತಿಳಿಯಲಿಲ್ಲ.

ಹೊಗೆ ಒಳಗೆ ಬರುತ್ತದೆ, ವಾಲ್ವು ಸುಟ್ಟೀತು,
ಶುಕ್ರವಾರದ ತಪಾಸಣೆಯಲ್ಲಿ ಖಂಡಿತ ಫೇಲು,
ಎಲ್ಲ ಹೇಳಿದೆ. ಅವಳು ಕೇಳುತ್ತಲೇ ಇದ್ದಳು,
ನನ್ನ ಮಾತನ್ನಲ್ಲ.

"ಬಿಗಿ ಮಾಡು." ಮಾಡಿದೆ.
ನಾಲ್ಕನೆಯದಕ್ಕೆ ನಾನು ದುಡ್ಡು ಕೇಳಲಿಲ್ಲ, ಅವಳು ಕೊಡಲೂ ಇಲ್ಲ.
ಮೆಲ್ಲಗೆ, ಸಭ್ಯವಾಗಿ ಹೋಯಿತು ಹಳದಿ ಗಾಡಿ.

ಸಂಜೆ ಸಲಕರಣೆ ಒರೆಸಿ ಗೋಡೆಗೆ ತೂಗುಹಾಕುವಾಗ
ಹದಿಮೂರು ಇದೆ, ಹದಿನೈದು ಇದೆ.
ನಡುವಿನ ಮೊಳೆ ಖಾಲಿ.